ಮಡ್‌ಗಾರ್ಡಿನ ಉಪ್ಪು ನೋಡುತ್ತಿದ್ದ ಗುಲಾಬಿಯಕ್ಕ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಮುಗಿದಿತ್ತು, ಎಂಟಕ್ಕೆ ಹೋಗಲಿಲ್ಲ. ಆಮೇಲೆ ಕಲಿತದ್ದೆಲ್ಲ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಕಲಿತದ್ದು. ಅರ್ಧ ಮುಂಬಯಿಯ ಗ್ಯಾರೇಜಿನಲ್ಲಿ, ಇನ್ನರ್ಧ ಊರಿಗೆ ಬಂದ ಮೇಲೆ. ಆ ಇನ್ನರ್ಧದಲ್ಲಿ ದೊಡ್ಡ ಪಾಲು ಕಲಿಸಿದವಳು ಗುಲಾಬಿಯಕ್ಕ. ಕಾರಿನ ಬಾಗಿಲು ಹಾಕುವುದಕ್ಕೂ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ, ದನದ ಕೊಟ್ಟಿಗೆಯ ಬಾಗಿಲು ಹಾಕಿದ ಹಾಗೆ ಬಡಿಯುತ್ತಿದ್ದಳು. ಆದರೆ ಚಕ್ರ ಬಿಚ್ಚಿಟ್ಟ ಕಾರಿನ ಮಡ್‌ಗಾರ್ಡಿನೊಳಗೆ ಕೈ ತೂರಿಸಿ, ತಗಡಿನ ಮೇಲೆ ಬೆರಳು ಉಜ್ಜಿ, ಆ ಬೆರಳನ್ನು ನಾಲಗೆಗೆ ಇಟ್ಟಳೆಂದರೆ ಶೆಡ್ಡಿನಲ್ಲಿ ಎಲ್ಲರೂ ಸುಮ್ಮನಾಗಬೇಕು. ಕಣ್ಣು ಮುಚ್ಚುವಳು. ಥೂ ಎಂದು ಉಗಿಯುವಳು. ಆಮೇಲೆ ತೀರ್ಪು: "ಉಪ್ಪಿತ್ತ್." ಇಲ್ಲವಾದರೆ, "ಸಪ್ಪೆ."

ತ್ರಾಸಿಯಲ್ಲಿ ಹೈವೇ ಬದಿಗೆ ನಾನು ಶೆಡ್ ಹಾಕಿದ ಹೊಸತು. ಕಾರಿನ ಅಡಿ ತೊಳೆದು ತುಕ್ಕು ಹಿಡಿಯದ ಹಾಗೆ ಕಪ್ಪು ಕೋಟಿಂಗ್ ಹೊಡೆಯುವ ಕೆಲಸ. ನಮ್ಮ ಈ ಕಡಲ ಬದಿಯಲ್ಲಿ ಗಾಡಿ ಮೊದಲು ಸಾಯುವುದು ಮಡ್‌ಗಾರ್ಡಿನಿಂದಲೇ. ಮರವಂತೆಯಲ್ಲಿ ಅಲೆಯ ತುಂತುರು ರಸ್ತೆಗೆ ಬರುತ್ತದೆ, ಮೀನಿನ ಲಾರಿಗಳು ದಾರಿಯುದ್ದಕ್ಕೂ ಉಪ್ಪುನೀರು ಸುರಿಸುತ್ತ ಹೋಗುತ್ತವೆ. ಚಕ್ರ ಅದನ್ನೆಲ್ಲ ಎತ್ತಿ ಮೇಲೆ ಎರಚುತ್ತದೆ. ನಾನು ಮನಸಿಟ್ಟು ಕೆಲಸ ಮಾಡುತ್ತಿದ್ದೆ. ಆದರೂ ವರ್ಷ ಕಳೆಯುವುದರೊಳಗೆ ಕೋಟಿಂಗ್ ಅಡಿಯಿಂದಲೇ ಗುಳ್ಳೆ ಎದ್ದು ಬರುತ್ತಿತ್ತು. ಯಾಕೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಅಂಥ ದಿನಗಳಲ್ಲಿ ಗುಡಿಸುವ ಕೆಲಸ ಇದೆಯಾ ಎಂದು ಕೇಳಿಕೊಂಡು ಗುಲಾಬಿಯಕ್ಕ ಬಂದಳು. ಗಂಗೊಳ್ಳಿಯಲ್ಲಿ ಒಣಮೀನು ಮಾಡುವ ಅಂಗಳದಲ್ಲಿ ಪ್ರಾಯವೆಲ್ಲ ಕಳೆದವಳು. ಆ ಅಂಗಳ ಮುಚ್ಚಿತ್ತು. ನಾನು ಆಗ ಒಂದು ಕಾರನ್ನು ತೊಳೆದು, ಒರೆಸಿ, ಕೋಟಿಂಗ್ ಡಬ್ಬಿ ತೆಗೆಯುತ್ತಿದ್ದೆ. ಬಂದವಳೇ ಮಡ್‌ಗಾರ್ಡಿಗೆ ಬೆರಳು ಹಾಕಿ ನೆಕ್ಕಿದಳು.

"ಹೆ ಮಾಣಿ, ಇದೆಂತ, ಉಪ್ಪು ಹಾಂಗೇ ಇತ್ತಲೆ?"

"ಈಗಷ್ಟೇ ತೊಳ್ದದ್ದ್ ಅಕ್ಕ."

"ತೊಳ್ದದ್ದಾ?" ಅವಳು ಪೈಪಿನ ನೀರನ್ನು ಅಂಗೈಗೆ ಹಿಡಿದು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿದಳು. "ನಿನ್ನ್ ನೀರೇ ಉಪ್ಪು ಮಾರಾಯಾ! ಉಪ್ಪು ಹಚ್ಚಿ ಡಬ್ಬಿ ಮುಚ್ಚುಕೆ ಇದೇನ್ ಬಂಗಡೆಯಾ?"

ನನ್ನ ಬಾವಿಯ ನೀರು ಸವಳೆಂದು ನನಗೆ ಗೊತ್ತಿತ್ತು. ಕುಡಿಯುವುದಕ್ಕೆ ಬೇರೆ ಕಡೆಯಿಂದ ತರುತ್ತಿದ್ದೆ. ಕಾರೂ ಅದನ್ನು ಕುಡಿಯಬಾರದೆಂದು ಮಾತ್ರ ಹೊಳೆದಿರಲಿಲ್ಲ. ಆವತ್ತೇ ಅವಳನ್ನು ಕೆಲಸಕ್ಕೆ ಇಟ್ಟುಕೊಂಡೆ, ಗುಡಿಸುವುದಕ್ಕಲ್ಲ.

ಶೆಡ್ಡಿನ ಮಾಡಿನಿಂದ ಇಳಿಯುವ ಮಳೆನೀರು ಹಿಡಿಯುವುದಕ್ಕೆ ಡ್ರಮ್ಮು ಇಡಿಸಿದಳು. ಬೇಸಗೆಗೆ ಒಳಗಿನೂರಿಂದ ಸಿಹಿನೀರು ತರಿಸಿದಳು. ಮೊದಲ ತೊಳೆತ ಬಾವಿಯ ನೀರು, ಕಡೆಯದು ಸಿಹಿನೀರು. ಮಡ್‌ಗಾರ್ಡಿನ ಅಂಚು ಒಳಗೆ ಮಡಚಿರುವಲ್ಲಿ ಕೆಸರು ಕೂತು ಗಟ್ಟಿಯಾಗಿರುತ್ತದೆ, ಪಂಪಿನ ನೀರಿಗೂ ಅದು ಬಗ್ಗುವುದಿಲ್ಲ. ಅವಳು ಕಸ ಗುಡಿಸುವ ಹಿಡಿಯಿಂದ ಒಂದು ತೆಂಗಿನ ಕಡ್ಡಿ ಕಿತ್ತು ಅಲ್ಲಿ ಆಡಿಸುವಳು. ಬೊಗಸೆ ತುಂಬ ಕೆಸರು ಬೀಳುತ್ತಿತ್ತು. "ಮೀನಿಂದ್ ಕಿವಿರ್ ಬಿಟ್ಟು ಬರೀ ಮೈ ತೊಳ್ದ್ರೆ ಆಯ್ತಾ?" ಎನ್ನುವಳು. ಸಪ್ಪೆ ಎಂದಮೇಲೂ ಬಳಿಯುವ ಹಾಗಿಲ್ಲ. ಪೂರ್ತಿ ಒಣಗಬೇಕು. ಆಮೇಲೆ ತಂತಿಬ್ರಶ್ಶು, ಪ್ರೈಮರ್, ಕಡೆಗೆ ಕೋಟಿಂಗ್. ಯಜಮಾನ ನಾನು, ಜೋರು ಅವಳದು.

ಆ ವರ್ಷ ನವರಾತ್ರಿಗೆ ಮೊದಲು ಮಳೆ ಬಿಡಲೇ ಇಲ್ಲ. ಕೊಲ್ಲೂರಿನ ಟ್ಯಾಕ್ಸಿ ಸ್ಟ್ಯಾಂಡಿನ ಶೇಖರ ತನ್ನ ಕಾರು ತಂದು ಬಿಟ್ಟ. ಅವನು ಹೇಳಿದ ಕಡೆಗೆ ಸ್ಟ್ಯಾಂಡಿನ ಗಾಡಿಗಳೆಲ್ಲ ಹೋಗುತ್ತಿದ್ದವು. ಅವನಿಗೆ ಒಪ್ಪಿಗೆಯಾದರೆ ನನ್ನ ಶೆಡ್ ನಿಲ್ಲುತ್ತದೆ, ಇಲ್ಲವಾದರೆ ಬಾಗಿಲು ಹಾಕಿ ಮತ್ತೆ ಮುಂಬಯಿ ರೈಲು ಹತ್ತುವುದೇ. ಮಾರನೆಯ ದಿನ ಸಂಜೆಗೆ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಸಂಜೆಗೆ ಗುಲಾಬಿಯಕ್ಕ ಅಂಚಿನ ಮಡಿಕೆಗೆ ಬೆರಳು ಹಾಕಿ ನೋಡಿ, "ಒಳ್ಗೆ ಪಸೆ ಇತ್ತ್. ಆತಿಲ್ಲ" ಎಂದಳು.

ಶೇಖರ ಬಂದು ನಿಂತಿದ್ದ. "ಹ್ವಾಯ್, ನೀವ್ ಕಾರ್ ರಿಪೇರಿ ಮಾಡುದಾ, ಮೀನ್ ಒಣ್ಗ್ಸುದಾ? ಆಚಿ ಶೆಡ್ಡಂಗೆ ಒಂದ್ ಗಂಟಿಯಂಗ್ ಬಳ್ದ್ ಕೊಡ್ತ್ರ್."

"ಅಲ್ಲಿಗೇ ಹೋಯ್ನಿ," ಎಂದಳು ಗುಲಾಬಿಯಕ್ಕ. "ಸೀರಿ ಒದ್ದೆ ಇಪ್ಪ ಹೊತ್ತಿಗೆ ಮಡ್ಚಿ ಪೆಟ್ಗಿಯಂಗ್ ಇಟ್ರೆ ಎಂತ ಆತ್ತ್ ಅಂದೇಳಿ ನಿಮ್ಮ್ ಹೆಂಡ್ತಿ ಹತ್ರ ಕೇಣಿ."

"ನಾ ಯಜಮಾನ್ರ್ ಹತ್ರ ಮಾತಾಡುದ್," ಎಂದು ಅವನು ನನ್ನ ಕಡೆ ತಿರುಗಿದ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಗುಳ್ಳೆ ಎದ್ದ ಕೋಟಿಂಗಿಗೆ ಜನ ನನ್ನ ಹೆಸರು ಹೇಳುವುದು ನನಗೆ ಬೇಡವಾಗಿತ್ತು. "ಶೇಖರಣ್ಣ, ಒಣ್ಗದೆ ನಾ ಬ್ರಶ್ ಮುಟ್ಟುದಿಲ್ಲ. ಹಾಂಗೇ ಬೇಕಾರೆ ಚಕ್ರ ಹಾಕಿ ಕೊಡ್ತೆ, ತಕಂಡ್ ಹೋಯ್ನಿ" ಎಂದೆ. ಅವನು ಬೈದ. ಬೈದೂ ಬೈದೂ ಕಡೆಗೆ ಕಾರು ಬಿಟ್ಟೇ ಬಸ್ಸು ಹತ್ತಿದ. ನಾನು ಮನೆಯಿಂದ ಮಲಗುವ ಕೋಣೆಯ ಫ್ಯಾನು ಹೊತ್ತು ತಂದೆ. ಅವಳು ಮೀನು ಮಗುಚಿದ ಹಾಗೆ ಅದನ್ನು ಒಂದು ಚಕ್ರದ ಗೂಡಿನಿಂದ ಇನ್ನೊಂದಕ್ಕೆ ತಿರುಗಿಸುತ್ತ ಕೂತಳು. ನವರಾತ್ರಿಯ ಮೊದಲ ದಿನದ ಬಾಡಿಗೆ ಶೇಖರನಿಗೆ ತಪ್ಪಿತು. ಕಾರು ಒಯ್ಯುವಾಗ ಮುಖ ಕೊಟ್ಟು ಮಾತಾಡಲಿಲ್ಲ. ಇಡೀ ಬೇಸಗೆ ಸ್ಟ್ಯಾಂಡಿನ ಒಂದು ಗಾಡಿಯೂ ನಮ್ಮ ಕಡೆ ತಿರುಗಲಿಲ್ಲ. ನಾವು ಸಿಕ್ಕಿದ ರಿಕ್ಷಾ, ಸ್ಕೂಟರು ತೊಳೆದುಕೊಂಡು ದಿನ ದೂಡಿದೆವು. "ಕಾಂಬ, ಮಳಿ ಒಂದ್ ಹೋಯ್ಲಿ" ಎಂದಷ್ಟೇ ಅವಳು ಹೇಳುತ್ತಿದ್ದಳು. ಮುಂದಿನ ಮಳೆಗಾಲ ಮುಗಿಯಿತು. ಶೇಖರ ಬಂದು ತನ್ನ ಮಡ್‌ಗಾರ್ಡಿಗೆ ಟಾರ್ಚು ಬಿಟ್ಟು ನನಗೆ ತೋರಿಸಿದ. ಬಳಿದ ದಿನದ ಹಾಗೆಯೇ ಇತ್ತು. ಅವನ ಹಿಂದೆ ಇನ್ನೂ ಎರಡು ಟ್ಯಾಕ್ಸಿ ನಿಂತಿದ್ದವು.

ಎಷ್ಟೋ ಮಳೆಗಾಲ ಹಾಗೆ ಹೋದವು. ಒಂದು ವರ್ಷ ಅವಳಿಗೆ ಕೆಟ್ಟ ಜ್ವರ ಬಂತು. ಎದ್ದು ಕೆಲಸಕ್ಕೆ ಬಂದವಳು ಒಂದು ಮಡ್‌ಗಾರ್ಡಿಗೆ ಬೆರಳು ಹಾಕಿ ನೆಕ್ಕಿ, ಮತ್ತೆ ನೆಕ್ಕಿದಳು. "ನಂಗೆ ಗೊತ್ತಾತಿಲ್ಲ ಮಾಣಿ. ನಾಲ್ಗಿ ಸತ್ತ್ ಹೋಯ್ತ್." ಅಂದಾಜಿಗೆ ಸಪ್ಪೆ ಎಂದುಬಿಡಬಹುದಿತ್ತು, ಕೇಳುವವರು ಯಾರಿದ್ದರು? ಅವಳು ಅನ್ನಲಿಲ್ಲ. "ನೀನೇ ಕಾಣ್" ಎಂದಳು. ಅಷ್ಟು ವರ್ಷ ಹೇಸಿಗೆ ಎಂದು ದೂರ ನಿಂತವನು ಆವತ್ತು ನೆಕ್ಕಿದೆ. ಸಣ್ಣಗೆ ಉಪ್ಪಿತ್ತು. ವಾರದೊಳಗೆ ಅವಳು ಕೆಲಸ ಬಿಟ್ಟು ಬೈಂದೂರಿನಲ್ಲಿ ಮಗಳ ಮನೆಗೆ ಹೋದಳು.

ಕಡೆಯ ಸಲ ಬಂದದ್ದು ಒಂದು ಆಷಾಢದ ಮೊದಲು, ಅಳಿಯನ ಜೊತೆ. ಅಳಿಯ ಹಳೆಯ ಕಾರೊಂದನ್ನು ಕೊಂಡು ಎರಡು ದಿನದ ಹಿಂದೆ ನನ್ನಲ್ಲಿ ಬಿಟ್ಟಿದ್ದ. ಮಾರನೆಯ ದಿನ ಬ್ರಹ್ಮಾವರದಲ್ಲಿ ನೆಂಟರ ಮದುವೆ. ಕಾರಿನಲ್ಲೇ ಹೋಗಿ ಇಳಿಯಬೇಕೆಂದು ಅವಳ ಆಸೆ. ಕುರ್ಚಿಯಲ್ಲಿ ಕೂತು, "ಇವತ್ತೇ ಬಳ್ದ್ ಕೊಡ್ ಮಗಾ" ಎಂದಳು.

ನಾನು ಅಂಚಿನ ಮಡಿಕೆಗೆ ಬೆರಳು ಹಾಕಿ ನೋಡಿದೆ. "ಒಣ್ಗ್ಲಿಲ್ಲ ಅಕ್ಕ."

"ನಂಗೇ ಹೇಳ್ತ್ಯಾ?"

"ನಿಂಗೇ ಹೇಳುದ್."

"ನನ್ನ್ ಅಳಿಯನ್ ಕಾರಿದ್!"

"ಆಯ್ಲಿ. ದೇವ್ರ ಕಾರಾರೂ ಒಣ್ಗುಕೇ ಬೇಕ್."

ಅವಳ ಮೋರೆ ಕೆಂಪಾಯಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದು, ಅಳಿಯನಿಗೆ "ನಡಿ, ಬಸ್ಸಿಗೆ ಹೋಪ" ಎಂದಳು. ಹೈವೇಗೆ ಹೋಗಿ ಬೈಂದೂರಿನ ಬಸ್ಸಿಗೆ ಕೈ ತೋರಿಸಿ ಹತ್ತಿದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಮೆಟ್ಟಿಲಿನಿಂದ ಅವಳ ಗಂಟಲು ಕೇಳಿತು: "ಹೆ ಮಾಣಿ, ಫ್ಯಾನ್ ಆಚಿ ಬದಿಗೂ ತಿರ್ಗ್ಸ್!"

ಕಾರು ಒಯ್ಯಲು ಅಳಿಯ ಒಬ್ಬನೇ ಬಂದ. ಆ ಮಳೆಗಾಲ ಮುಗಿಯುವ ಮೊದಲು ಅವಳು ತೀರಿಕೊಂಡಳು.

ಈಗ ನನಗೆ ತ್ರಾಸಿಯಲ್ಲೊಂದು ಶೆಡ್ ಇದೆ, ಬ್ರಹ್ಮಾವರದಲ್ಲಿ ಇನ್ನೊಂದು. ಗಾಡಿ ಎತ್ತುವ ಲಿಫ್ಟ್ ಮೂರು. ಸಿಹಿನೀರಿನ ಟಾಂಕಿ ಎರಡು. ಫ್ಯಾನು ಆರು. ಕೆಲಸಕ್ಕೆ ಒಂಬತ್ತು ಜನ. ನನ್ನ ಮೇಲೆ ಜೋರು ಮಾಡುವವರು ಒಬ್ಬರೂ ಇಲ್ಲ.