ಅಕ್ಕನ ಕೊರಮೀನಿಗೆ ಒಂದು ಜಾಗ

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಅಕ್ಕನ ಕೈ ಹಿಡಿದುಕೊಂಡು ಓಕಳಿಪುರಂನಿಂದ ಹೊರಟೆ. ಅವಳ ಹೆಗಲ ಮೇಲೆ ಗಾಳದ ಕೋಲು, ನನ್ನ ಚೀಲದಲ್ಲಿ ಎರೆಹುಳು, ನಾಲ್ಕು ಇಡ್ಲಿ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದುಹಾಕಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಇನ್ನೊಂದೇ ಒಂದು ಕೊರಮೀನು ಹಿಡಿಯಬೇಕೆಂಬುದು ಅಕ್ಕನ ಆಸೆ. ನನಗೆ ಗಾಳ ಹಾಕಲು ಕಲಿಸಿದವಳೇ ಅವಳು.

ಮತ್ತಿಕೆರೆಗೆ ಅವಳಿಗೆ ಬಸ್ಸು ಫ್ರೀ, ನನಗೆ ಹದಿನೆಂಟು ರೂಪಾಯಿ. ಚಳಿಗಾಲದಲ್ಲಿ ಕೊರಮೀನು ಅಲೆಯುವುದಿಲ್ಲ, ಎಳೆಬಿಸಿಲು ಮೊದಲು ಬೀಳುವ ಪಡುವಣ ದಡದಲ್ಲಿ, ಜೊಂಡಿನ ಬುಡದಲ್ಲಿ ಸುಮ್ಮನೆ ಬಿದ್ದಿರುತ್ತದೆ, ಅಂಥ ಜಾಗ ನೋಡು ಎಂದು ದಾರಿಯುದ್ದಕ್ಕೂ ಪಾಠ ಮಾಡಿದಳು.

ಮೊದಲ ಕೆರೆಯ ಪಡುವಣ ದಡಕ್ಕೆ ತಂತಿಬೇಲಿ. ವಾಕಿಂಗ್ ಮಾಡುವುದಾದರೆ ಬನ್ನಿ, ಗಾಳ ಮಾತ್ರ ಬೇಡ ಎಂದ ವಾಚ್‌ಮನ್. ಆಟೋ ಹಿಡಿದು ಎರಡನೆಯದಕ್ಕೆ ಹೋದೆವು. ನೀರಿನ ಮೇಲೆ ನೊರೆ, ದಡದಲ್ಲಿ ಸತ್ತ ಮೀನು. ನಾನು ಹೇಳುವ ಮೊದಲೇ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೂರನೆಯ ಕೆರೆಯಲ್ಲಿ ನೀರೇ ಇರಲಿಲ್ಲ, ಜೆಸಿಬಿ ಹೂಳೆತ್ತುತ್ತಿತ್ತು. ಹಾಳಾದ ಊರು ಎಂದು ಬೈದುಕೊಂಡೆ. ಹನ್ನೊಂದಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಜಾಗ ಸಿಕ್ಕಿತೇನೋ ಎಂದು ಅಕ್ಕ ಮತ್ತೆ ಮತ್ತೆ ಕೇಳುತ್ತಿದ್ದಳು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಆ ಕೆರೆಯ ಪಕ್ಕದಲ್ಲೇ ಗಣಪತಿ ಬಿಡಲು ಕಟ್ಟಿದ ಸಿಮೆಂಟು ತೊಟ್ಟಿಯಿತ್ತು. ಅದರಲ್ಲಿ ಮೊಣಕಾಲುದ್ದ ಮಳೆನೀರು. ಒಳ್ಳೇ ಜೊಂಡಿದೆ ಅಕ್ಕಾ ಎಂದು ಸುಳ್ಳು ಹೇಳಿ ಮೆಟ್ಟಿಲ ಮೇಲೆ ಕೂರಿಸಿದೆ. ಅವಳು ಹುಳ ಪೋಣಿಸಿ, ಹಳೆಯ ಗತ್ತಿನಲ್ಲೇ ಗಾಳ ಬೀಸಿದಳು. ಅರ್ಧ ಗಂಟೆಯಾಯಿತು. ನೀರ ಮೇಲೆ ತೇಲುತ್ತಿದ್ದ ಬೆಂಡು ಅಲ್ಲಾಡಲಿಲ್ಲ. ನೋಡಲಾರದೆ ನಾನು ತೊಟ್ಟಿಯ ಅಂಚಿನಲ್ಲೇ ನಡೆದು ಆಚೆ ಹೋದೆ. ಅಲ್ಲಿ ಬಿದ್ದಿದ್ದ ಕಡ್ಡಿಯೊಂದಕ್ಕೆ ಅವಳ ದಾರ ಸಿಕ್ಕಿಸಿ, ಮೀನು ಕಚ್ಚಿದ ಹಾಗೆ ಜಗ್ಗಿದೆ.

ಅಕ್ಕ ಕೋಲನ್ನು ಎತ್ತಲೇ ಇಲ್ಲ.

"ಬಿಡೋ, ಸಾಕು. ದಾರದ ಸೀಸದ ಗುಂಡು ಸಿಮೆಂಟಿಗೆ ತಾಗ್ದಾಗ್ಲೇ ಗೊತ್ತಾಯ್ತು. ನಿಂಗೆ ಬೇಜಾರಾಗುತ್ತಲ್ಲ ಅಂತ ಕೂತಿದ್ದೆ."

ನಾಚಿಕೆಯಿಂದ ಸತ್ತೇ ಹೋದೆ. ಅವಳೇ ದಾರ ಸುತ್ತಿಕೊಂಡು, ಕೊಕ್ಕೆಯಲ್ಲಿದ್ದ ಹುಳವನ್ನು ಬಿಡಿಸಿ ಒದ್ದೆ ಮಣ್ಣಿಗೆ ಬಿಟ್ಟಳು.

ವಾಪಸ್ಸು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತುಕೋ ಎಂದು ಅಕ್ಕನ ತೋಳು ಹಿಡಿದೆ. ಅವಳು ನನ್ನನ್ನೇ ಒಳಗೆ ತಳ್ಳಿದಳು.

"ನೀನೇ ಕೂತ್ಕೊ," ಎಂದಳು. "ನಂಗ್ಯಾಕೆ ಇನ್ಮೇಲೆ ಕಿಟಕಿ."