ಅತ್ತೆಯ ಬೈಕಿಗೆ ಕಾರಿನ ಆಯಿಲ್

ನನ್ನ ಸೋದರತ್ತೆಯ ಎಡಗಾಲಿನ ಶೂಗೆ ಹೆಬ್ಬೆರಳಿನ ಮೇಲೆ ಸರಿಯಾಗಿ ಒಂದು ತೇಪೆ ಇತ್ತು. ಗೇರ್ ಎತ್ತಿ ಎತ್ತಿ ಅಲ್ಲಿನ ಚರ್ಮ ಸವೆದು ತೂತಾಗಿತ್ತು. ಸೀರೆ ಉಟ್ಟಿರಲಿ, ಚೂಡಿದಾರ್ ಹಾಕಿರಲಿ, ಕಾಲಿಗೆ ಅದೇ ಶೂ. ಮದುವೆ ಮನೆಗಳಲ್ಲಿ ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ನಗ್ಲಿ ಬಿಡೇ. ಅವ್ರ ಹಸು ಮಲಗ್ದಾಗ ಈ ಶೂನೇ ಬಾಗಿಲಿಗೆ ಬರೋದು" ಅನ್ನುತ್ತಿದ್ದಳು ಅತ್ತೆ.

ಅವಳು ಗುಬ್ಬಿ ತಾಲ್ಲೂಕಿನಲ್ಲಿ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರ್. ಹಾಗಲವಾಡಿ ಕಡೆಯ ಹಳ್ಳಿಗಳೆಲ್ಲ ಅವಳ ಪಾಲಿಗೆ. ಜನ 'ಡಾಕ್ಟ್ರಮ್ಮ' ಅಂದರೆ ತಿದ್ದುತ್ತಿದ್ದಳು. ಅವರು ಹೂಂ ಅಂದು ಮತ್ತೆ ಡಾಕ್ಟ್ರಮ್ಮ ಅಂತಲೇ ಕರೆಯುತ್ತಿದ್ದರು. ಸ್ಕೂಟರ್ ತಗೋ ಅಂತ ಮನೆಯವರೆಲ್ಲ ಹೇಳಿದರೂ ಬೈಕೇ ಕೊಂಡಳು. ತೋಟದ ದಾರಿಯ ಗುಂಡಿಗೆ ಸ್ಕೂಟರಿನ ಪುಟ್ಟ ಚಕ್ರ ಇಳಿದರೆ ಎತ್ತುವವರು ಯಾರು ಎಂಬುದು ಅವಳ ವಾದ.

ಆ ಬೈಕಿನ ಇಂಜಿನ್ ಆಯಿಲ್ ಬಗ್ಗೆ ಅವಳಿಗೆ ಬುದ್ಧಿ ಹೇಳದ ಗಂಡಸಿರಲಿಲ್ಲ. ಷೋರೂಮಿನವನು ದುಬಾರಿ ಸಿಂಥೆಟಿಕ್ ಆಯಿಲ್ ಮುಂದಿಟ್ಟು, "ಪಿಕಪ್ ಬರುತ್ತೆ ಮೇಡಂ" ಅಂದ. "ನಾನೇನ್ ರೇಸಿಗೆ ಹೋಗ್ತೀನಾ? ಹಸು ನೋಡಕ್ಕೆ ಹೋಗ್ತೀನಿ" ಅಂದಳು. ಹಳ್ಳಿಯವರು, "ಟ್ರ್ಯಾಕ್ಟ್ರಿಗೆ ಹಾಕೋದನ್ನೇ ಹಾಕಕ್ಕ, ಗಟ್ಟಿ ಇರ್ತದೆ" ಅಂದರು. ನನ್ನಪ್ಪ, ಅಂದರೆ ಅವಳ ಸ್ವಂತ ಅಣ್ಣ, ಕಪ್ಪಗಾದ ಮೇಲೆ ಬದಲಾಯಿಸಿದರೆ ಸಾಕು ಅಂತ ತೀರ್ಪು ಕೊಟ್ಟ. "ಬಣ್ಣ ನೋಡಿ ಏನ್ ಗೊತ್ತಾಗುತ್ತಣ್ಣಾ? ಕೊಳೆ ಹಿಡ್ಕೊಳ್ಳೋದೇ ಅದರ ಕೆಲಸ, ಕಪ್ಪಾಗ್ದೆ ಇರುತ್ತಾ?" ಎಂದು ಅವನ ಬಾಯಿ ಮುಚ್ಚಿಸಿದಳು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಗ್ರೇಡು, ಡಬ್ಬದ ಮೇಲೆ ಬೈಕಿಗೆ ಅಂತ ಬರೆದಿರಬೇಕು, ಇಷ್ಟೇ ಅವಳ ಲೆಕ್ಕ. ಆದರೆ ಪುಸ್ತಕ ಹೇಳಿದ ಕಿಲೋಮೀಟರ್ ಮುಟ್ಟುವವರೆಗೂ ಕಾಯುತ್ತಿರಲಿಲ್ಲ. "ಅದು ನೆಟ್ಟಗಿರೋ ರೋಡಿಗೆ ಬರ್ದಿರೋದು ಕಣೇ. ನಾನು ದಿನಾ ಧೂಳು ಕುಡ್ಕೊಂಡು ಸೆಕೆಂಡ್ ಗೇರಲ್ಲಿ ಓಡಾಡೋಳು, ಸ್ವಲ್ಪ ಮುಂಚೇನೇ ಬದಲಾಯಿಸ್ಬೇಕು."

ಒಂದು ಸಲ ತುಮಕೂರಿನ ಸರ್ವಿಸ್ ಸೆಂಟರ್ ಒಂದರಲ್ಲಿ ಗಾಡಿ ಬಿಟ್ಟು, ಇಂಥದ್ದೇ ಆಯಿಲ್ ಹಾಕಿ ಅಂತ ಹೇಳಿ, ಅದಕ್ಕೇ ದುಡ್ಡು ಕೊಟ್ಟು ಬಂದಳು. ಅದೇ ವಾರ ಹಾಗಲವಾಡಿಯ ಆಚೆಯಿಂದ ಫೋನ್ ಬಂತು. ಒಬ್ಬ ಹೆಂಗಸಿನ ಸೀಮೆಹಸು ಕರು ಹಾಕಿ ನೆಲ ಹಿಡಿದಿತ್ತು. ಬೇಗ ಹೋಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಅಂಥ ಹಸು ಕಣ್ಣೆದುರೇ ಎದ್ದು ನಿಲ್ಲುತ್ತದೆ. ತಡವಾದರೆ ಮುಗಿಯಿತು.

ದಾರಿಯ ಏರಿನಲ್ಲಿ ಬೈಕು ಕೈಕೊಟ್ಟಿತು. ಆಕ್ಸಿಲರೇಟರ್ ತಿರುವಿದಷ್ಟೂ ಇಂಜಿನ್ ಕಿರುಚಿತು, ಚಕ್ರ ಮಾತ್ರ ಮುಂದೆ ಹೋಗಲಿಲ್ಲ. ಅತ್ತೆ ಗಾಡಿಯನ್ನು ಅಲ್ಲೇ ಬಿಟ್ಟು, ಬಾಟಲಿಗಳ ಬ್ಯಾಗು ಹೆಗಲಿಗೇರಿಸಿ ಬಿಸಿಲಲ್ಲಿ ನಡೆದಳು. ತಲುಪುವ ಹೊತ್ತಿಗೆ ಹಸು ಕತ್ತು ಹೊರಳಿಸಿ ಮಲಗಿತ್ತು. ಬಾಟಲಿ ಅರ್ಧವಾಗುವಷ್ಟರಲ್ಲಿ ಪ್ರಾಣ ಹೋಯಿತು. ಆ ಹೆಂಗಸು ಬೈಯಲಿಲ್ಲ. "ನೀನ್ ಬೇಗ ಬತ್ತೀಯ ಅಂತ ಬ್ಯಾರೆ ಯಾರ್ನೂ ಕರೀನಿಲ್ಲ ಕಣವ್ವ" ಅಂದಳಂತೆ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತ ಅತ್ತೆ ನನಗೆ ಹೇಳಿದಳು.

ಮರುದಿನ ಬೆಳಿಗ್ಗೆ ಬೈಕನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ತುಮಕೂರಿಗೆ ಬಂದಳು. ನಾನು ಆಗ ಅದೇ ಊರಿನ ಸದಾಶಿವನಗರದಲ್ಲಿದ್ದೆ. ಫೋನ್ ಮಾಡಿದಳು, ಗಂಡನ ಜೊತೆ ಆ ಸರ್ವಿಸ್ ಸೆಂಟರಿಗೆ ಹೋದೆ. ಮ್ಯಾನೇಜರ್ ಅನ್ನಿಸಿಕೊಂಡವನು ಅತ್ತೆಯ ಮಾತೆಲ್ಲ ಕೇಳಿ, ನನ್ನ ಗಂಡನ ಕಡೆ ತಿರುಗಿ, "ಸಾರ್, ಮೇಡಂ ಕ್ಲಚ್ ಹಿಡ್ಕೊಂಡೇ ಓಡಿಸ್ತಾರೆ ಅನ್ಸುತ್ತೆ" ಅಂದ. ನನ್ನ ಗಂಡ ಹೂಂ ಅಂದ. ಬೈಕಿನ ಗಂಧಗಾಳಿ ಗೊತ್ತಿಲ್ಲದ ಆ ಮನುಷ್ಯನ ಹೂಂಕಾರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಅವ್ರನ್ಯಾಕೆ ನೋಡ್ತೀರಿ? ಗಾಡಿ ನಂದು. ಯಾವ ಆಯಿಲ್ ಹಾಕಿದ್ರಿ? ಡಬ್ಬ ತೋರ್ಸಿ" ಅಂದಳು ಅತ್ತೆ.

ಡಬ್ಬ ಇರಲಿಲ್ಲ. ಅವಳು ಕೇಳದೆ ಒಳಗೆ ನುಗ್ಗಿದಳು. ಮೂಲೆಯಲ್ಲಿ ದೊಡ್ಡ ಡ್ರಮ್ಮು, ಅದರ ಮೇಲೆ ಕಾರಿನ ಚಿತ್ರ. ಪಕ್ಕದಲ್ಲಿದ್ದ ಮೆಕ್ಯಾನಿಕ್ ಮುಖ ಎತ್ತದೆ, "ಎಲ್ಲಾ ಗಾಡಿಗೂ ಇದೇ ಹಾಕ್ತೀವಿ ಮೇಡಂ" ಅಂದುಬಿಟ್ಟ. ಅವಳ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿಗೆಂದು ಮಾಡಿದ ಆ ನುಣುಪು ಆಯಿಲ್ ಬಿದ್ದಿದ್ದೇ ಪ್ಲೇಟುಗಳು ಜಾರಿ, ಇಂಜಿನ್ನಿನ ಬಲ ಚಕ್ರಕ್ಕೆ ಮುಟ್ಟಿರಲಿಲ್ಲ. ಇದು ಆ ಮ್ಯಾನೇಜರಿಗೆ ತಿಳಿಯದ್ದೇನಲ್ಲ.

ಅತ್ತೆ ಬೈಕನ್ನು ತಳ್ಳಿಕೊಂಡು ಬಂದು ಗೇಟಿಗೆ ಅಡ್ಡ ನಿಲ್ಲಿಸಿ, ಅದರ ಮೇಲೆ ಕೂತಳು. ಬಂದವರಿಗೆಲ್ಲ ಒಂದೇ ಮಾತು: "ಬೈಕಿನ ಆಯಿಲ್‌ಗೆ ದುಡ್ಡು ಇಸ್ಕೊಂಡು ಕಾರಿಂದು ಸುರಿದವ್ರೆ. ನಿಮ್ದೂ ನೋಡ್ಕೊಳ್ಳಿ." ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಬಂದ.

"ಹೋಗ್ಲಿ ಬಿಡಿ ಮೇಡಂ, ಲೇಡೀಸ್ ಅಂತ ಕ್ಲಚ್ ಪ್ಲೇಟ್ ಫ್ರೀಯಾಗಿ ಹಾಕ್ಕೊಡ್ತೀವಿ."

"ಲೇಡೀಸ್ ಅಂತ ಬೇಡ. ತಪ್ಪಾಗಿದೆ ಅಂತ ಹಾಕ್ಕೊಡಿ. ಅಲ್ಲೊಂದು ಹಸು ಸತ್ತಿದೆ."

ಅವನು ನಕ್ಕ. "ಹಸುಗೂ ನಮ್ಮ ಆಯಿಲ್‌ಗೂ ಏನ್ ಮೇಡಂ ಸಂಬಂಧ?"

ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಪ್ಲೇಟು ಹಾಕಿದ, ಹೊಸ ಡಬ್ಬ ಒಡೆದು ಅವಳ ಕಣ್ಣೆದುರೇ ಆಯಿಲ್ ಸುರಿದ. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಕೊನೆಯವರೆಗೂ ಅವನ ಬಾಯಿಂದ ಬರಲಿಲ್ಲ. ಆ ಮಾತನ್ನು ಆಡಿದವಳು ಅತ್ತೆ. ಅಲ್ಲಿಂದ ನೆಟ್ಟಗೆ ಹಾಗಲವಾಡಿ ಕಡೆ ಹೋಗಿ, ಆ ಹೆಂಗಸಿನ ಜಗಲಿಯ ಮೇಲೆ ಕೂತು, ತಡ ಯಾಕಾಯಿತು ಅಂತ ಎಲ್ಲವನ್ನೂ ಹೇಳಿ ಬಂದಳು. ತಪ್ಪು ಯಾರದ್ದು, ತಲೆ ತಗ್ಗಿಸಿ ಕೂತವರು ಯಾರು!

ಆಮೇಲೆ ಆಯಿಲ್ ಬದಲಾಯಿಸುವುದನ್ನು ತನ್ನ ಅಂಗಳದಲ್ಲೇ ಮಾಡಿಕೊಂಡಳು. ನನ್ನ ಕೈಗೂ ಸ್ಪ್ಯಾನರ್ ಕೊಟ್ಟು ಕಲಿಸಿದಳು.

ಹೋದ ವರ್ಷ ಅವಳಿಗೆ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟ್ ಹಿಡಿದು ಬಂದು, ಮಂಚದ ಮೇಲಿದ್ದ ಅವಳನ್ನು ದಾಟಿ ಅವಳ ಮಗನ ಹತ್ತಿರ ಇಂಗ್ಲಿಷಿನಲ್ಲಿ ಪಿಸುಗುಟ್ಟತೊಡಗಿದರು. ಮಾತಾಡುವ ಶಕ್ತಿ ಆಗ ಅತ್ತೆಗೆ ಅಷ್ಟಾಗಿ ಇರಲಿಲ್ಲ. ಅವರಿಬ್ಬರ ಮುಖವನ್ನೂ ನೋಡುತ್ತ ಮಲಗಿದ್ದಳು.

"ಡಾಕ್ಟ್ರೇ, ಕಾಯಿಲೆ ಅವಳದು. ಅವಳಿಗೆ ಹೇಳಿ!" ಅಂದೆ. ವಾರ್ಡೆಲ್ಲ ತಿರುಗಿ ನೋಡಿತು.

ಡಾಕ್ಟರು ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತು, ಕನ್ನಡದಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಂಗಾರೆ ಮನೆಗೆ ಹೋಗ್ಬಹುದಾ?" ಅಂದಳು. ಹೋಗಬಹುದು ಅಂದರು.

ಗುಬ್ಬಿಗೆ ಹೋಗುವ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅಷ್ಟು ಜೋರಾಗಿ ಕೂಗ್ಬೇಕಿತ್ತೇನೇ?" ಅಂದಳು. ಸ್ವಲ್ಪ ದೂರ ಹೋದ ಮೇಲೆ ತಾನೇ, "ಬೇಕಿತ್ತು ಬಿಡು" ಅಂದಳು.

ಆ ತಿಂಗಳು ಕಳೆಯುವಷ್ಟರಲ್ಲಿ ಅತ್ತೆ ಹೋದಳು. ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ, ಎಲ್ಲ ಗೊತ್ತಿದ್ದುಕೊಂಡು.