ರೆನ್ಸ್ಕೆ ಅಕ್ಷರ ಮರೆತ ಗುರುವಾರ

ಕಾಲುವೆ ದಂಡೆಯ ಪುಟ್ಟ ಊರು ಅಲ್ದವೀರಿನಲ್ಲಿ ರೆನ್ಸ್ಕೆ ಹೂಕೆಮಾಳ ಕಣ್ಣು ತಪ್ಪಿಸಿ ಒಂದು ತಪ್ಪಕ್ಷರವೂ ಬದುಕಿ ಉಳಿದದ್ದಿಲ್ಲ. ಮೀನಿನಂಗಡಿಯ ಹಲಗೆಯಿರಲಿ, ಇಗರ್ಜಿಯ ನೋಟೀಸಿರಲಿ, ಯಾರದೋ ಮದುವೆಯ ಕರೆಯೋಲೆಯಿರಲಿ, ಕೋಟಿನ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ತಿದ್ದಿದ ಮೇಲೇ ಆಕೆ ಮುಂದೆ ಹೆಜ್ಜೆ ಇಡುತ್ತಿದ್ದುದು. ‘ಸತ್ತವರ ಸಮಾಧಿ ಕಲ್ಲನ್ನೂ ಬಿಡಲ್ಲ ಈ ಮುದುಕಿ’ ಅಂತ ಊರವರು ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಕಲ್ಲಿನ ಮೇಲೆ ಪೆನ್ಸಿಲ್ ಹಿಡಿಯೋದಿಲ್ಲ ಅಂತ ಆಕೆಯೇ ಹೇಳಿದ್ದಳು.

ಇಂಥವಳ ಗಂಡ ಹಾರ್ಮೆನ್‌ಗೆ ಓದಲು ಬರುತ್ತಿರಲಿಲ್ಲ ಅಂದರೆ ನಂಬುತ್ತೀರಾ? ನಲವತ್ತನಾಲ್ಕು ವರ್ಷ ಸೈಕಲ್ ಅಂಗಡಿ ನಡೆಸಿದವನು. ಬೀದಿಯಲ್ಲಿ ಹೋಗುವ ಸೈಕಲ್ಲಿನ ಸದ್ದು ಕೇಳಿಯೇ ಯಾವ ಚಕ್ರದ ಗುಂಡು ಸವೆದಿದೆ ಅಂತ ಹೇಳುತ್ತಿದ್ದ. ಅಕ್ಷರ ಮಾತ್ರ ಅವನ ಪಾಲಿಗೆ ಇರುವೆ ಸಾಲು. ರಸೀದಿ, ಕಾಗದ, ತೆರಿಗೆ ಎಲ್ಲವನ್ನೂ ಅವಳೇ ಬರೆಯುತ್ತಿದ್ದಳು. ಊರಿಗೆ ಸುಳಿವೇ ಇರಲಿಲ್ಲ. ಐವತ್ತು ದಾಟಿದ ಮೇಲೆ ಒಂದು ಭಾನುವಾರ ಅವನು ಪೇಪರ್ ತಂದು ಅವಳ ಮುಂದಿಟ್ಟು, ‘ನಂಗೂ ಹೇಳಿಕೊಡ್ತೀಯೇನೆ?’ ಅಂದಿದ್ದ. ಮೊದಲ ಸಾಲನ್ನೇ ತಲೆಕೆಳಗು ಮಾಡಿ ಓದಿದ. ರೆನ್ಸ್ಕೆ ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ, ನಗು ಬಂತು, ನಕ್ಕಳು. ಅವನೂ ನಕ್ಕ. ಪೇಪರ್ ಮಡಚಿಟ್ಟು ಅಂಗಡಿಗೆ ಹೋದ. ಮತ್ತೆಂದೂ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಹಾರ್ಮೆನ್ ತೀರಿಕೊಂಡ. ಅಂಗಡಿ, ಹಿಂದಿನ ಹಿತ್ತಲು ಎಲ್ಲ ಮಾರಿದಾಗ ಎರಡು ಲಕ್ಷ ಅರವತ್ತು ಸಾವಿರ ಯೂರೋ ಬಂತು. ಮಕ್ಕಳಿಲ್ಲ. ಇರೋ ಪಿಂಚಣಿಯಲ್ಲಿ ಅವಳ ಕಾಫಿ ರೊಟ್ಟಿಗೆ ಕೊರತೆಯಿಲ್ಲ. ಹಾರ್ಮೆನ್‌ನಂಥ ದೊಡ್ಡವರಿಗೆ ಓದು ಕಲಿಸುವವರಿಗೆ ಅಷ್ಟನ್ನೂ ಕೊಡಬೇಕು ಅಂತ ಅವಳು ತೀರ್ಮಾನಿಸಿದಳು.

‘ಒಂದು ಸಲ ಅವನಿಗೆ ದ್ರೋಹ ಮಾಡಿದೀನಿ,’ ಅಂತ ಅಡಿಗೆಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡಳು. ‘ಅವನು ಕೈಯೆಲ್ಲ ಮಸಿ ಮಾಡ್ಕೊಂಡು ದುಡಿದ ದುಡ್ಡು ಯಾವನೋ ಕಳ್ಳನ ಪಾಲಾದ್ರೆ ಎರಡನೇ ಸಲ ದ್ರೋಹ ಮಾಡಿದ ಹಾಗೆ.’

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಇಲ್ಲಿ ಕೊಡುವವಳೇ ಇಸಿದುಕೊಳ್ಳುವವರ ಬಾಯಿ ತೆರೆಸಿ ಹಲ್ಲು ಎಣಿಸಲು ಹೊರಟಳು.

ಮೊದಲು ಓದು ಕಲಿಸುತ್ತೇವೆ ಅನ್ನುವ ಸಂಸ್ಥೆಗಳಿಗೆಲ್ಲ ಐದೈದು ಯೂರೋ ಕಳಿಸಿ ನೋಡಿದಳು. ಒಂದು ದೊಡ್ಡ ಸಂಸ್ಥೆಯಿಂದ ತಿಂಗಳೊಳಗೆ ಕ್ಯಾಲೆಂಡರ್ ಬಂತು. ಆಮೇಲೆ ಪೆನ್ನು, ಬೀಗದ ಕೈ ಗೊಂಚಲು, ಒಂದು ಜೊತೆ ಕಾಲುಚೀಲ, ಕೊನೆಗೆ ಕೊಡೆ. ಪಕ್ಕದ ಮನೆಯ ಲೋಲ್ಕೆ ಕಾಫಿಗೆ ಬಂದವನು ಆ ಕೊಡೆ ಬಿಚ್ಚಿ ನೋಡಿದ. ಕಾಲುವೆ ಸೇತುವೆ ಎತ್ತುವ ಕೆಲಸದಲ್ಲಿದ್ದವನು ಅವನು. ದೋಣಿಗಳು ಹಾದು ಹೋಗುವಾಗ ಗಾಳದ ಕೋಲಿಗೆ ಮರದ ಬೂಟು ಕಟ್ಟಿ ಕೆಳಗಿಳಿಸಿ, ಅದರೊಳಗೆ ಸುಂಕದ ಕಾಸು ಹಾಕಿಸಿಕೊಳ್ಳುತ್ತಾ ಮೂವತ್ತು ವರ್ಷ ಕಳೆದಿದ್ದ.

‘ಇನ್ನೈದು ಯೂರೋ ಕಳಿಸೇ ಮಾರಾಯ್ತಿ, ಕೋಟೂ ಬರ್ಲಿ,’ ಅಂದ. ‘ಇಲ್ಲಿ ದಾನ ಮಾಡಿದ್ದು ಯಾರು, ತಗೊಂಡಿದ್ದು ಯಾರು?’

ಆ ಸಂಸ್ಥೆಯ ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದರಿಂದ ಉದ್ದನೆಯ ಕಾರಿನಲ್ಲಿ ಒಬ್ಬ ಮಹಾಶಯ ಬಂದ. ರೆನ್ಸ್ಕೆ ಕಾಫಿ ಕೊಟ್ಟಳು, ಒಂದೇ ಒಂದು ಬಿಸ್ಕತ್ತು ಕೊಟ್ಟಳು, ಆ ಸೀಮೆಯಲ್ಲಿ ಎಲ್ಲರೂ ಮಾಡುವ ಹಾಗೆ ಡಬ್ಬಿ ಮುಚ್ಚಿದಳು.

‘ಹೋದ ವರ್ಷ ಎಷ್ಟು ಜನ ಓದೋಕೆ ಕಲಿತರು?’

‘ಮೇಡಂ, ನಾವು ಅರಿವು ಮೂಡಿಸ್ತೀವಿ.’

‘ಯಾರಿಗೆ?’

‘ಸಮಾಜಕ್ಕೆ.’

‘ಸಮಾಜ ಇರ್ಲಿ. ಎಷ್ಟು ಜನ ಕಲಿತರು?’

‘ಹನ್ನೆರಡು ಲಕ್ಷ ಕರಪತ್ರ ಹಂಚಿದೀವಿ ಮೇಡಂ!’

‘ಓದೋಕೆ ಬಾರದವರಿಗೆ ಕರಪತ್ರ,’ ಅಂದಳು ರೆನ್ಸ್ಕೆ. ‘ಭೇಷ್. ಕಿವುಡರಿಗೆ ಗಂಟೆ ಹೊಡೀತೀರಾ?’

ಅವನ ಕರಪತ್ರದಲ್ಲಿ ಎರಡು ತಪ್ಪು ತಿದ್ದಿ ಅವನಿಗೇ ವಾಪಸು ಕೊಟ್ಟು ಕಳಿಸಿದಳು.

ಅವತ್ತು ಸಂಜೆ ಬಂದು ಇದನ್ನೆಲ್ಲ ಕೇಳಿದ ಲೋಲ್ಕೆ ತುಂಬ ಹೊತ್ತು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ‘ಬೋಲ್ಸ್‌ವಾರ್ಡ್ ಪೇಟೇಲಿ, ಗ್ರಂಥಾಲಯದ ಮೇಲೆ, ಗುರುವಾರ ದೊಡ್ಡವರಿಗೆ ಓದು ಕಲಿಸೋ ಒಂದು ಕ್ಲಾಸು ನಡೆಯುತ್ತೆ. ಈನೆಕೆ ಅಂತ ಒಬ್ರು ನಡೆಸ್ತಾರೆ. ಅಲ್ಲಿ ಕೊಡು,’ ಅಂದ.

‘ನಿಂಗೆ ಹೇಗೆ ಗೊತ್ತು?’

‘ಯಾರೋ ಹೇಳಿದ್ರು.’

‘ಯಾರು?’

‘ಜನ.’ ಅವನ ಕಿವಿ ಕೆಂಪಾಗಿತ್ತು.

ಕಿವಿ ಕೆಂಪಾದವರನ್ನು ರೆನ್ಸ್ಕೆ ನಂಬುವವಳಲ್ಲ. ‘ಅವರಿಂದ ನಿಂಗೆಷ್ಟು ಕಮಿಷನ್?’ ಅಂದುಬಿಟ್ಟಳು.

ಲೋಲ್ಕೆ ಲೋಟದಲ್ಲಿ ಕಾಫಿ ಇರುವಾಗಲೇ ಎದ್ದು ಹೋದ. ಇಪ್ಪತ್ತು ದಿನ ಅವಳ ಬಾಗಿಲು ತುಳಿಯಲಿಲ್ಲ.

ಹಾಳು ಬಾಯಿ ಅಂತ ತನ್ನನ್ನೇ ಬೈದುಕೊಂಡರೂ ಅನುಮಾನ ಹೋಗಲಿಲ್ಲ. ಕ್ಲಾಸಿಗೆ ಫೋನ್ ಮಾಡಿ, ಹೆಸರು ಹೇಳದೆ ಕೇಳಿದಳು: ‘ಅಲ್ದವೀರಿನಿಂದ ನಿಮ್ಮಲ್ಲಿಗೆ ಯಾರು ಬರ್ತಾರೆ ಹೇಳಿ. ದೊಡ್ಡ ಮೊತ್ತ ಕೊಡೋಳಿದೀನಿ, ವಿಚಾರಿಸ್ಬೇಕು.’

‘ಅದನ್ನ ಹೇಳೋಕಾಗಲ್ಲಮ್ಮ,’ ಅಂದಳು ಈನೆಕೆ.

‘ಎರಡು ಲಕ್ಷ ಅರವತ್ತು ಸಾವಿರ ಯೂರೋ.’

‘ನಮ್ಮ ಚಾವಣಿ ಸೋರ್ತಿದೆ. ಕುರ್ಚಿಗಳೆಲ್ಲ ಬೇರೆಯವರವು. ಆದರೂ ಹೇಳಲ್ಲ. ಎರಡು ಕೋಟಿ ಕೊಟ್ರೂ ಹೇಳಲ್ಲ. ಯಾರು ನೀವು?’

ರೆನ್ಸ್ಕೆ ಫೋನ್ ಇಟ್ಟಳು. ಅವಳಿಗೆ ಖುಷಿಯಾಗಿತ್ತು. ಆದರೆ ಫೋನಿನಲ್ಲಿ ಎಲ್ಲರೂ ಸಾಚಾಗಳೇ. ಹಳೇ ಸೈಕಲ್ ಕೊಳ್ಳುವ ಮುಂಚೆ ತಾನೇ ಹತ್ತಿ ಒಂದು ಸುತ್ತು ತುಳಿದು ನೋಡಬೇಕು; ನಲವತ್ತನಾಲ್ಕು ವರ್ಷ ಅಂಗಡಿಯಲ್ಲಿ ಕಲಿತ ಪಾಠ ಅದು. ಹಾಗಾಗಿ ಅಕ್ಷರ ಬಾರದವಳಾಗಿ ಆ ಕ್ಲಾಸಿಗೆ ಸೇರುವುದೆಂದು ನಿರ್ಧರಿಸಿದಳು. ಗುರುವಾರ ತಲೆಗೆ ಬಟ್ಟೆ ಕಟ್ಟಿ, ಹಾರ್ಮೆನ್‌ನ ಹಳೇ ಕೋಟು ತೊಟ್ಟು, ಎದುರುಗಾಳಿಯಲ್ಲಿ ಹತ್ತು ಕಿಲೋಮೀಟರ್ ತುಳಿದಳು. ದಾರಿಯುದ್ದಕ್ಕೂ ಪೆದ್ದಿಯ ಮುಖ ಅಭ್ಯಾಸ ಮಾಡಿದಳು. ಎದುರಿಗೆ ಸಿಕ್ಕ ಹಾಲಿನವನು, ‘ಹೊಟ್ಟೆನೋವಾ ಅಜ್ಜಿ?’ ಅಂತ ಕೇಳಿದ.

ಮೆಟ್ಟಿಲು ಹತ್ತಿದ ಕೂಡಲೇ ಈನೆಕೆ ಕೈಕುಲುಕಿ ಒಳಗೆ ಕರೆದಳು. ಹೆಸರು ಕೇಳಲಿಲ್ಲ, ಫಾರಂ ಕೊಡಲಿಲ್ಲ. ಓದಲು ಬಾರದವರ ಕೈಗೆ ಫಾರಂ ಕೊಡುವುದಿಲ್ಲ ಅನ್ನುವ ಬುದ್ಧಿಯಾದರೂ ಇದೆಯಲ್ಲ ಅಂದುಕೊಂಡಳು ರೆನ್ಸ್ಕೆ. ಒಳಗೆ ಉದ್ದ ಮೇಜು, ಎಂಟು ಜನ. ಮೇಜಿನ ತುದಿಯಲ್ಲಿ ಒಂದು ಹಾಳೆಯ ಮೇಲೆ ದಪ್ಪ ಬೆರಳಿಟ್ಟುಕೊಂಡು ಕೂತಿದ್ದವನು ಲೋಲ್ಕೆ.

ದಿನಾ ಬೆಳಿಗ್ಗೆ ಅವಳ ಅಡಿಗೆಮನೆಯಲ್ಲಿ ಪೇಪರ್ ಹರಡಿ, ‘ಕಾಲ ಕೆಟ್ಟೋಯ್ತು’ ಅಂತ ತಲೆ ಅಲ್ಲಾಡಿಸುತ್ತಿದ್ದ ಲೋಲ್ಕೆ!

ಅವನ ಮುಖ ಸುಣ್ಣವಾಯಿತು. ಬೆರಳು ಹಾಳೆಯಿಂದ ಜಾರಿತು. ಅವನ ಕಿವಿ ಯಾಕೆ ಕೆಂಪಾಗಿತ್ತೆಂದು ರೆನ್ಸ್ಕೆಗೆ ಈಗ ಅರ್ಥವಾಯಿತು. ಪರೀಕ್ಷೆ ಮಾಡಲು ಬಂದೆ ಅಂದರೆ ಈ ಮನುಷ್ಯ ಇಲ್ಲೇ, ಇಷ್ಟು ಜನರ ಮುಂದೆ, ನಾಚಿಕೆಯಿಂದ ಸತ್ತುಹೋಗುತ್ತಾನೆ.

‘ಕಲಿಯೋಕೆ ಬಂದೆ ಲೋಲ್ಕೆ,’ ಅಂದಳು. ‘ನಂಗೂ ಬರಲ್ಲ.’

ಲೋಲ್ಕೆ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದ ಕುರ್ಚಿ ಎಳೆದ. ‘ಬಾ, ಕೂತ್ಕೋ.’

ಈನೆಕೆ ಕೈಯಲ್ಲೇ ಬರೆದ ಹಾಳೆಯೊಂದನ್ನು ಇಬ್ಬರ ನಡುವೆ ಇಟ್ಟಳು. ಅಯ್ಯೋ, ಎರಡನೇ ಸಾಲಿನಲ್ಲೇ ಒಂದು ತಪ್ಪು! ರೆನ್ಸ್ಕೆಯ ಬಲಗೈ ತಾನಾಗಿಯೇ ಜೇಬಿನ ಕಡೆ ಹೊರಟಿತು. ಅದನ್ನು ಎಳೆದು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಮುಳ್ಳಿನ ಮೇಲೆ ಕೂತಿದ್ದರೂ ಅಷ್ಟು ಕಷ್ಟವಾಗುತ್ತಿರಲಿಲ್ಲ.

‘ಅವಸರ ಮಾಡ್ಬೇಡ,’ ಅಂದ ಲೋಲ್ಕೆ. ಒಂದೊಂದೇ ಅಕ್ಷರದ ಕೆಳಗೆ ಬೆರಳು ಸರಿಸಿದ. ‘ಎದುರುಗಾಳೀಲಿ ತುಳಿಯೋ ಹಾಗೆ. ಮೆಲ್ಲಗೆ ಹೋದ್ರೂ ಪರವಾಗಿಲ್ಲ, ಕಾಲು ನೆಲಕ್ಕಿಡಬಾರದು.’

ರೆನ್ಸ್ಕೆ ಬೇಕೆಂದೇ ಶಬ್ದವನ್ನು ತಲೆಕೆಳಗು ಮಾಡಿ ಓದಿದಳು. ಸೇತುವೆ ಅನ್ನುವುದು ಏನೋ ಆಗಿ ಹೊರಬಂತು. ತಲೆ ಎತ್ತಿ ನೋಡಿದಳು. ಈನೆಕೆ ಸೇರಿ ಒಂಬತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ತುಟಿಯಂಚಿನಲ್ಲೂ ಇಲ್ಲ. ಲೋಲ್ಕೆ ಬೆರಳನ್ನು ಮತ್ತೆ ಮೊದಲ ಅಕ್ಷರಕ್ಕೆ ತಂದು, ‘ಹತ್ತಿರ ಬಂದಿದೀಯ. ಇನ್ನೊಂದು ಸಲ,’ ಅಂದ.

ರೆನ್ಸ್ಕೆಗೆ ದುಃಖ ಒತ್ತರಿಸಿ ಬಂತು. ಇಷ್ಟೇ ಅಲ್ಲವಾ ಹಾರ್ಮೆನ್ ಕೇಳಿದ್ದು? ಒಂದು ಬೆರಳು, ಇನ್ನೊಂದು ಸಲ ಅನ್ನುವ ಒಂದು ಮಾತು. ಎಲ್ಲರೆದುರು ಗೊಳೋ ಅಂತ ಅತ್ತಳು.

‘ಅಳು, ಪರವಾಗಿಲ್ಲ,’ ಅಂದ ಲೋಲ್ಕೆ. ‘ಮೊದಲ ದಿನ ನಾನೂ ಅತ್ತಿದ್ದೆ.’

ಕ್ಲಾಸು ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಅವಳು ಈನೆಕೆಯನ್ನು ತಡೆದು ನಿಲ್ಲಿಸಿ ಎಲ್ಲ ಹೇಳಿದಳು. ಫೋನ್ ಮಾಡಿದವಳು ತಾನೇ, ಓದು ಬರಹ ಬರುತ್ತದೆ, ದುಡ್ಡು ಇಲ್ಲಿಗೇ, ನಾಳೆಯೇ ಸಹಿ ಹಾಕುತ್ತೇನೆ.

ಈನೆಕೆಯ ಮುಖ ಗಂಟಾಯಿತು. ‘ಇಲ್ಲಿಗೆ ಬರೋ ಜನ ಒಂದು ಮೆಟ್ಟಿಲು ಹತ್ತೋಕೆ ಒಂದು ವರ್ಷ ಧೈರ್ಯ ಕೂಡಿಸ್ಕೋತಾರೆ. ನೀವು ನಾಟಕ ಆಡೋಕೆ ಹತ್ತಿ ಬಂದ್ರಾ? ನಿಮ್ಮ ದುಡ್ಡು ನಂಗೆ ಬೇಡ.’

‘ಬೇಡವಾ?’

‘ಲೋಲ್ಕೆ ಅವ್ರಿಗೆ ನಿಜ ಹೇಳಿ. ಅವ್ರು ತಗೊಳ್ಳಿ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಚಾವಣಿ ಸೋರ್ಲಿ.’

ಅಬ್ಬಾ! ಇಷ್ಟು ದಿನ ತಾನು ಹುಡುಕಿದ್ದು ಇವಳನ್ನೇ ಅಂತ ರೆನ್ಸ್ಕೆಗೆ ಆಗ ಖಾತ್ರಿಯಾಯಿತು. ಆ ಬೈಗುಳವೇ ರೆನ್ಸ್ಕೆಗೆ ಸಿಕ್ಕ ರಸೀದಿ. ಆದರೆ ಸಾಲು ತಿದ್ದುವುದು ಸುಲಭ, ತಾನು ತಪ್ಪು ಮಾಡಿದೆ ಅನ್ನುವುದು ಎಷ್ಟು ಕಷ್ಟ!

ಕಾಲುವೆ ದಂಡೆಯಲ್ಲಿ ಏದುಸಿರು ಬಿಡುತ್ತಾ ತುಳಿದು ಲೋಲ್ಕೆಯನ್ನು ಹಿಡಿದಳು.

‘ಲೋಲ್ಕೆ, ನಿಲ್ಲೋ. ನಂಗೆ ಓದೋಕೆ ಬರುತ್ತೆ.’

ಅವನು ಬ್ರೇಕ್ ಹಿಡಿದ. ‘ಗೊತ್ತು ಕಣೇ. ಇಡೀ ಊರಿಗೇ ಗೊತ್ತು. ಮೀನಿನಂಗಡಿಯವನು ನಿಂಗೆ ಹೆದರಿ ಹಲಗೆ ಮೇಲೆ ಮೀನಿನ ಚಿತ್ರ ಬರೀತಾನೆ.’

‘ಮತ್ತೆ ಯಾಕೆ ಹೇಳಿಕೊಟ್ಟೆ?’

‘ನನ್ನ ಮಾನ ಉಳಿಸೋಕೆ ನೀನು ನಿನ್ನ ಮಾನ ಕಳ್ಕೊಂಡೆ. ಅದು ಕಾಣ್ದೇ ಇರುತ್ತಾ? ಜೊತೆಗೆ...’ ಅವನ ಮೀಸೆ ಅಲುಗಿತು, ‘ಜೀವಮಾನದಲ್ಲಿ ಒಂದು ಸಲ ನಿನ್ನನ್ನ ತಿದ್ದೋ ಅವಕಾಶ. ಬಿಡೋಕಾಗುತ್ತಾ?’

‘ಕಮಿಷನ್ ಅಂದೆನಲ್ಲ, ಅದು ನನ್ನ ತಪ್ಪು.’

‘ತಪ್ಪೇ,’ ಅಂದ. ಸಮಾಧಾನದ ಮಾತು ಸೇರಿಸಲಿಲ್ಲ. ಅಲ್ಲಿಯವರು ಸೇರಿಸುವುದಿಲ್ಲ. ‘ದುಡ್ಡು ಕೊಡು. ಅವ್ರಿಗೆ ಹೇಳು, ಲೋಲ್ಕೆ ತಗೊಳ್ಳಿ ಅಂದ ಅಂತ.’

ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದರು.

‘ಹಾರ್ಮೆನ್‌ಗೂ ಬರ್ತಿರ್ಲಿಲ್ಲ ಅಲ್ವಾ?’ ಅಂದ ಲೋಲ್ಕೆ. ‘ನಾನು ಕಂಡುಹಿಡಿದಿದ್ದೆ. ಅಂಗಡೀಲಿ ಕೂತು ಒಂದೇ ಪೇಪರ್ ಹಿಡ್ಕೊಂಡು ಒಬ್ಬರಿಗೊಬ್ಬರು ಸುಳ್ಳು ಸುದ್ದಿ ಓದ್ಕೋತಿದ್ವಿ. ಒಂದು ಸಲ ಅವನು ರಾಜನಿಗೆ ಅವಳಿ ಮಕ್ಕಳು ಹುಟ್ಟಿಸಿಬಿಟ್ಟ.’ ಇಬ್ಬರೂ ನಕ್ಕರು. ಆಮೇಲೆ ಅವನು, ‘ನೀನ್ಯಾಕೆ ಅವನಿಗೆ ಹೇಳಿಕೊಡ್ಲಿಲ್ಲ?’ ಅಂತ ಕೇಳಿದ.

‘ಕೇಳಿದ್ದ,’ ಅಂದಳು ರೆನ್ಸ್ಕೆ. ‘ತಪ್ಪು ಓದಿದ. ನಾನು ನಕ್ಕೆ. ಮತ್ತೆ ಕೇಳ್ಲಿಲ್ಲ.’

ಲೋಲ್ಕೆ ಸೇತುವೆಯ ತನಕ ಸೈಕಲ್ ತಳ್ಳಿಕೊಂಡು ಹೋದ. ಅಲ್ಲಿ ನಿಂತು ಅವಳ ಕಡೆ ತಿರುಗಿದ.

‘ಮುಂದಿನ ಗುರುವಾರ ಎಲ್ಲರ ಮುಂದೆ ನಿಂತು ನಾನು ಒಂದು ಪುಟ ಓದ್ಬೇಕು. ನೀನು ಬಾ. ಪಕ್ಕದಲ್ಲೇ ಕೂತ್ಕೋ.’

‘ನಾನಾ?’

‘ನೀನೇ. ತುಂಬ ತಪ್ಪು ಓದ್ತೀನಿ ರೆನ್ಸ್ಕೆ.’

‘ಓದು,’ ಅಂದಳು. ‘ನಗಲ್ಲ.’